ಪಂಚಮಿಗೆ ಕರೆಯಲು ಬರುವವರು

ವಕೀಲ ವಾಮನರಾವ ನರೋಣಕರ ಕಟ್ಟಿದ ಪಕ್ಷದಲ್ಲಿ ಒಂದು ಕಾಲಕ್ಕೆ ಹನ್ನೊಂದು ಜನರಿದ್ದರು. 1948ರ ಶ್ರಾವಣದ ಹೊತ್ತಿಗೆ ಅವರೊಬ್ಬರೇ ಉಳಿದಿದ್ದರು. ನಿಜಾಮರು ಗಾದಿಯ ಮೇಲಿರಲಿ, ಅಧಿಕಾರ ಪ್ರಜೆಗಳ ಸಭೆಗೆ ಬರಲಿ, ಹೈದರಾಬಾದು ಹಿಂದುಸ್ತಾನಕ್ಕೂ ಸೇರುವುದು ಬೇಡ, ಪಾಕಿಸ್ತಾನಕ್ಕೂ ಬೇಡ ಎಂಬುದು ಆ ಪಕ್ಷದ ನಿಲುವು. ಹಿಂದಿನ ವರ್ಷ ಅಫಜಲಪುರ, ಜೇವರ್ಗಿ ಕಡೆ ಇದನ್ನೇ ಹೇಳುತ್ತ ತಿರುಗಿದ್ದರು. ಕೊಳಕೂರಿನ ಸಭೆಯಲ್ಲಿ ಇದ್ದವರು ಹೆಚ್ಚಾಗಿ ಮಳೆಗೆ ಹೆದರಿ ಚಾವಡಿ ಹತ್ತಿದವರು. ಮಳೆ ನಿಂತಿತು, ಸಭೆಯೂ ಮುಗಿಯಿತು.

ಆದರೂ ತಮ್ಮ ಊರು ಆಳಂದದಲ್ಲಿ ಅವರನ್ನು ಅರಿಯದವರಿರಲಿಲ್ಲ. ಅದಕ್ಕೆ ಕಾರಣ ಪಕ್ಷವಲ್ಲ, ಹೆಂಡತಿಯ ತವರು. ಸುಲಭಾಬಾಯಿ ಗೊಬ್ಬೂರಕರ ಮನೆತನದ ಮಗಳು. ತಂದೆ ಸತ್ಯಾಗ್ರಹ ಮಾಡಿ ಜೈಲಿನಲ್ಲೇ ತೀರಿಕೊಂಡವರು. ಅಣ್ಣ ನರಸಿಂಹರಾವ ತಾಯಿಯೊಂದಿಗೆ ಗಡಿಯಾಚೆ, ಅಕ್ಕಲಕೋಟೆಯ ಹತ್ತಿರ ಇದ್ದು, ನಿಜಾಮರ ವಿರುದ್ಧ ಹೋರಾಡುವವರ ಕ್ಯಾಂಪು ನಡೆಸುತ್ತಿದ್ದರು. ಸೊಲ್ಲಾಪುರದ ಪತ್ರಿಕೆಗಳಲ್ಲಿ ಅವರ ಹೆಸರು ಬಾರದ ವಾರವಿಲ್ಲ. ಅವರ ಮೇಲೆ ವಾರಂಟು ಇತ್ತು.

ಈ ಭಾವನನ್ನು ವಾಮನರಾವ ಸಭೆಗಳಲ್ಲಿ ಗೇಲಿ ಮಾಡುತ್ತಿದ್ದರು. ಇಡೀ ಭಾಷಣದಲ್ಲಿ ಜನ ನಗುತ್ತಿದ್ದುದು ಆಗ ಮಾತ್ರ.

"ನಮ್ಮ ಭಾವ ಸರಕಾರದ ಕಾಯ್ದೆ ಮುರೀತಾರ, ಹುಕುಮ್ ಮುರೀತಾರ. ಪಂಚಮಿಗೆ ತಂಗೀನ ಕರಿಯಾಕ ಬರೂ ಪದ್ಧತಿ ಮಾತ್ರ ಮುರಿಯೂದಿಲ್ರಿ. ಈ ಸಲ ವಾರಂಟ್ ಇತ್ತು ನೋಡ್ರಿ, ಕಂಬಳಿ ಹೊತ್ತು ಕುರಿ ಹಿಂದ ಬಂದ್ರು."

ಆಳಂದದ ಸಭೆಯಲ್ಲಿ ಅತಿ ಹೆಚ್ಚು ನಕ್ಕವನು ನಿಜಾಮರ ಪರ ಬಂದೂಕು ಹಿಡಿದ ಊರಿನ ಖಾಕಿ ದಳದ ನಾಯಕ, ಸಾಲಾರ. ಇನ್ನೊಮ್ಮೆ ಹೇಳ್ರಿ ಎಂದು ಹೇಳಿಸಿಕೊಂಡಿದ್ದ.

ಆಮೇಲೆ ಬಂದ ಬೇಸಗೆಯಲ್ಲಿ ಊರು ಖಾಲಿಯಾಗತೊಡಗಿತು. ದಳದವರು ಒಂದೊಂದೇ ಮನೆಗೆ ನುಗ್ಗಿದರು. ಅವರು ಊರಾಚೆಯ ಹಳ್ಳದತನಕ ಕರೆದೊಯ್ದವರು ಯಾರೂ ತಿರುಗಿ ಬರಲಿಲ್ಲ. ಉಳಿದವರಲ್ಲಿ ಹಲವರು ಬಂಡಿ ಕಟ್ಟಿಕೊಂಡು ಗಡಿ ದಾಟಿದರು. ವಾಮನರಾವರ ಮನೆಯ ಬಾಗಿಲನ್ನು ಯಾರೂ ಮುಟ್ಟಲಿಲ್ಲ. ಸಾಲಾರ ಹಾದಿಯಲ್ಲಿ ಸಿಕ್ಕರೆ ಸಲಾಮು ಮಾಡುತ್ತಿದ್ದ. ಇದು ತಮ್ಮ ರಾಜಕೀಯ ನಿಲುವಿಗೆ ಸಿಕ್ಕ ಮರ್ಯಾದೆ ಎಂದು ವಾಮನರಾವ ತಿಳಿದಿದ್ದರು. ಹೆಂಡತಿಗೂ ಹಾಗೆಯೇ ಹೇಳಿದ್ದರು.

ಪಂಚಮಿ ಹತ್ತಿರ ಬಂದಾಗ ಬಳೆ ಮಾರುವ ಹುಸೇನಬೀ ಬಂದಳು. ಸುಲಭಾಬಾಯಿ ಜೋಳದ ಅರಳು ಹುರಿಯುತ್ತಿದ್ದವರು ಒಲೆಯ ಉರಿ ತಗ್ಗಿಸಿ ಪಡಸಾಲೆಗೆ ಬಂದು ಕೈ ಕೊಟ್ಟರು.

"ಕೈ ಸಡ್ಲ ಬಿಡ್ರಿ ಬಾಯಾರ. ಹಿಂಗ ಬಿಗಿ ಹಿಡದ್ರ ಬಳಿ ಒಡೀತಾವ. ಆಮ್ಯಾಲ ಹುಸೇನಬೀ ಮಾಲ ಖೋಟಾ ಅಂತೀರಿ."

"ನಿನ್ನ ಮಾಲಕಿಂತ ನಿನ್ನ ನಾಲಗಿ ಜೋರದ ಬಿಡು."

"ಅದಕ್ಕ ರೊಕ್ಕಾ ತಗೋಳೂದಿಲ್ಲಲ್ರಿ." ಹುಸೇನಬೀ ಹಸಿರು ಬಳೆಯೊಂದನ್ನು ಮುಂಗೈಗೆ ಏರಿಸಿದಳು. "ಅಣ್ಣಾವ್ರು ಎಂದ ಬರ್ತಾರ್ರಿ?"

ಪಂಚಮಿಗೆ ಮುಂಚೆ ಬಳೆ ಇಡಿಸುವಾಗ ಎಲ್ಲ ಮನೆಯಲ್ಲೂ ಕೇಳುವ ಮಾತು. ಸುಲಭಾಬಾಯಿ, "ಬಂದಾಗ ಬರ್ತಾನ," ಎಂದರು. ಹುಸೇನಬೀ ಮುಂದಿನ ಬಳೆ ತೆಗೆಯಲಿಲ್ಲ.

"ಎಲ್ಲಾರ ಮನ್ಯಾಗೂ ನಾನಾಗೇ ಕೇಳ್ತೇನ್ರಿ. ಈ ಮನ್ಯಾಗ ಕೇಳ್ಕೊಂಡ ಬಾ ಅಂತ ಸಾಲಾರ ಹೇಳಿ ಕಳಿಸ್ಯಾನ. ಯಾವ ದಿನ, ಯಾವ ಹಾದಿ, ಎಲ್ಲಾ. ಗೊತ್ತಿಲ್ಲ ಅಂದ್ರ ಅಂವ ಬಡೀತಾನ. ಗೊತ್ತದ ಅಂದ್ರ ಅಲ್ಲಾ ಬಡೀತಾನ. ನೀವ ಹೇಳ್ರಿ, ನಾ ಏನ ಹೇಳ್ಲಿ?"

ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಓದುತ್ತಿದ್ದ ವಾಮನರಾವ ಅದನ್ನು ಮಡಿಸಿದರು. ಸಾಲಾರನ ಸಲಾಮು ತಮಗಲ್ಲ ಎಂಬುದು ಅವರಿಗೆ ತಿಳಿಯಿತು. ಸುಲಭಾ ಈ ಮನೆಯಲ್ಲಿ ಇರುವತನಕ ನರಸಿಂಹರಾವ ಬಂದೇ ಬರುತ್ತಾರೆ. ಅದನ್ನು ಸಾಲಾರನಿಗೆ ಹೇಳಿದವರು ತಾವೇ. ಒಂದು ಸಲವಲ್ಲ, ಎರಡು ಸಲ.

"ಹಬ್ಬದ ಹಿಂದಿನ ದಿನ ಬರ್ತಾರ ಅಂತ ಹೇಳು," ಎಂದರು. "ಹಾದಿ ನಮಗೂ ಗೊತ್ತಿಲ್ಲ ಅಂತ ಹೇಳು."

ಹುಸೇನಬೀ ಬುಟ್ಟಿ ಹೊತ್ತುಕೊಂಡು ಹೋದ ಮೇಲೆ ಸುಲಭಾಬಾಯಿ ಬಾಗಿಲು ಮುಂದೆ ಮಾಡಿದರು.

"ಅಣ್ಣಗ ಒಂದ ಕಾಗದ ಬರೀರಿ."

"ಟಪಾಲ ಒಡದ ಓದ್ತಾರ."

"ಯಾರ ಕಡೆಯಿಂದರೆ ಹೇಳಿ ಕಳಿಸ್ರಿ."

"ಬರಬ್ಯಾಡ್ರಿ ಅಂತ ನಾ ಹೇಳಿ ಕಳಿಸಿದ್ರ ನಿಮ್ಮಣ್ಣ ಏನ ತಿಳೀತಾರ?"

ಸುಲಭಾಬಾಯಿ ಸುಳ್ಳು ಹೇಳುವವರಲ್ಲ. "ನೀವು ನನ್ನ ಕೂಡಿ ಹಾಕೀರಿ ಅಂತ ತಿಳೀತಾನ. ಇನ್ನೂ ಲಗೂನ ಬರ್ತಾನ," ಎಂದರು.

"ಅದಕ್ಕ ನೀನ ಹೋಗಬೇಕು. ಅವರು ಹೊರಡೂದ್ರಾಗ ನೀ ಅಲ್ಲಿರಬೇಕು."

"ಕರೀಲಾರದ? ಪಂಚಮಿ ಮುಂದ ಕರೀಲಾರದ ತವರಿಗೆ ಹೋದಾಕಿಗೆ ಗಂಡ ಬಿಟ್ಟಾಕಿ ಅಂತಾರ. ಅವ್ವ ಏನ ತಿಳೀಬೇಕು?"

"ಹಂಗ ತಿಳೀಬೇಕು. ಎಲ್ಲಾರೂ ಹಂಗ ತಿಳೀಬೇಕು. ಇಲ್ಲಂದ್ರ ಗಡಿ ನಾಕಾದಾಗ ನಿನ್ನ ಬಿಡೂದಿಲ್ಲ."

"ಮತ್ತ ನೀವು?"

"ನನಗ ಯಾರು ಏನ ಮಾಡ್ತಾರ? ಪಕ್ಷದ ಅಧ್ಯಕ್ಷ ಇದ್ದೇನಿ."

ಸುಲಭಾಬಾಯಿ ನಗಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದರು.

ಮರುದಿನ ಬೆಳಿಗ್ಗೆ ಓಣಿಯವರು ಕಂಡದ್ದು ಇಷ್ಟು. ವಾಮನರಾವ ಟ್ರಂಕನ್ನು ಹೊಸ್ತಿಲಾಚೆ ಒಗೆದರು. ಗೊಬ್ಬೂರಕರ ಹೆಸರು ಹಿಡಿದು ಬೈದರು. ಎದುರುಮನೆಯ ಭಾಗೀರಥಿಬಾಯಿ ಓಡಿ ಬಂದರು.

"ಶ್ರಾವಣದಾಗ ಮುತ್ತೈದೀನ ಹೊರಗ ಹಾಕ್ತೀಯೇನೋ ವಾಮನಾ? ನಿಮ್ಮವ್ವ ಇದ್ದಿದ್ರ ನಿನ್ನ ಹೊರಗ ಹಾಕ್ತಿದ್ಲು."

"ನಿಮ್ಮ ಮನಿ ನೋಡ್ಕೋರಿ ಮಾಮಿ."

ಸುಲಭಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂಡಿ ಹತ್ತಿದರು. ಬಂಡಿಯ ರಸೂಲ ಯಾರ ಮುಖವನ್ನೂ ನೋಡಲಿಲ್ಲ. ಬಂಡಿ ಓಣಿಯ ತುದಿ ಮುಟ್ಟುವಷ್ಟರಲ್ಲಿ ಸಾಲಾರ ಅಡ್ಡ ಬಂದ. ಹಿಂದೆ ಬಂದೂಕಿನ ಇಬ್ಬರಿದ್ದರು.

"ವಕೀಲ ಸಾಹೇಬ್ರ, ಹಬ್ಬದ ಮುಂದ ಇದೇನ ತಮಾಷಾ?"

"ಮನಿ ಮಾತು."

"ಬಾಯಾರು ಹೋದ್ರ ಅವರ ಅಣ್ಣ ಇಲ್ಲಿಗೆ ಯಾಕ ಬರ್ತಾರ?" ಈಗ ಅವನು ಮುಚ್ಚಿಡಲಿಲ್ಲ.

ವಾಮನರಾವ ಹತ್ತಿರ ಬಂದು ನಿಂತರು. ಅವರ ದನಿ ನ್ಯಾಯಾಲಯದಲ್ಲಿ ಇರುವಂತೆ ಇತ್ತು. "ಕರಿಯಾಕ ಬರೂ ಅಣ್ಣ ಕಂಬಳಿ ಹೊತ್ತು ಬರ್ತಾನ, ನಿಮ್ಮ ಕೈಗೆ ಸಿಗೂದಿಲ್ಲ. ತಂಗಿ ಹಿಂಗ ಅಳಕೋತ ಹೋಗಿ ಬಾಗಲಾಗ ನಿಂತ್ರ ಸಿಟ್ಟಿಲೆ ಬರ್ತಾನ. ನನ್ನ ಜವಾಬ ಕೇಳಾಕ ಬರ್ತಾನ. ನಾ ಇಲ್ಲೇ ಇರ್ತೇನಲ್ಲ."

ಸಾಲಾರ ಅದನ್ನು ತೂಗಿ ನೋಡಿದ. ಬಂಡಿಯೊಳಗೆ ಸುಲಭಾಬಾಯಿ ಕೂತಲ್ಲೇ ಕೂತಿದ್ದರು.

"ನಿಮ್ಮ ಹೆಂಡತಿ ಅಣ್ಣನ್ನ ನೀವ ಹಿಡಕೊಡ್ತೀರಿ?"

"ನನ್ನ ಪಕ್ಷ ನಿಮಗ ಗೊತ್ತದ."

ಸಾಲಾರ ನಕ್ಕು ಎತ್ತಿನ ಬೆನ್ನಿಗೆ ತಟ್ಟಿದ. ಬಂಡಿ ಹೊರಟಿತು. ನಾಕಾದವರಿಗೆ ಬಿಡುವಂತೆ ಹೇಳಲು ಒಬ್ಬನನ್ನು ಮುಂದೆ ಓಡಿಸಿದ. ಉಳಿದವನನ್ನು ವಾಮನರಾವರ ಕಟ್ಟೆಯ ಮೇಲೆ ಕೂರಿಸಿದ. "ಅವರು ಬರೂತನಕ ನಮ್ಮ ಮನಶ್ಯಾ ನಿಮ್ಮ ಮೆಹಮಾನ್," ಎಂದ.

ಸಂಜೆಗೆ ಈ ಅತಿಥಿಗಳು ನಾಲ್ವರಾದರು. ಅಡುಗೆಮನೆಯಲ್ಲಿದ್ದ ಅರಳನ್ನು ಮುಗಿಸಿದರು. ವಾಮನರಾವರಿಗೆ ಹಿತ್ತಲಿಗೆ ಹೋಗುವುದಕ್ಕೂ ಅವರನ್ನು ಕೇಳಬೇಕಾಯಿತು. ಪಂಚಮಿ ಬಂತು. ಆ ವರ್ಷ ಓಣಿಯಲ್ಲಿ ಜೋಕಾಲಿ ಕಟ್ಟಲಿಲ್ಲ. ಭಾಗೀರಥಿಬಾಯಿ ಹಾಲೆರೆದು ಬರುವಾಗ ಇವರ ಮನೆಯತ್ತ ನೋಡಿ ಉಗುಳಿದರು. ದಿನವಿಡೀ ನಾಲ್ವರೂ ಬಾಗಿಲ ಹಿಂದೆ ಬಂದೂಕು ಹಿಡಿದು ಕೂತರು. ಯಾರೂ ಬರಲಿಲ್ಲ.

ಹಬ್ಬ ಕಳೆದ ವಾರದಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ, ಸಾಲಾರ ಒಬ್ಬನೇ ಬಂದ. ಒದ್ದೆಯಾಗದಂತೆ ಅಂಗಿಯೊಳಗೆ ಇಟ್ಟುಕೊಂಡಿದ್ದ ಸೊಲ್ಲಾಪುರದ ಪತ್ರಿಕೆಯನ್ನು ತೆಗೆದು ವಾಮನರಾವರ ಮುಂದೆ ಹಿಡಿದ.

"ಓದ್ರಿ."

ಸುದ್ದಿ ಮೊದಲನೆಯ ಪುಟದಲ್ಲೇ ಇತ್ತು. ನರಸಿಂಹರಾವ ಗೊಬ್ಬೂರಕರ ತಂಗಿಯನ್ನು ಆಕೆಯ ಗಂಡ, ನಿಜಾಮರ ಹಿಂಬಾಲಕ ವಾಮನರಾವ ನರೋಣಕರ, ಹಬ್ಬದ ಮುಂದೆ ಮನೆಯಿಂದ ಅಟ್ಟಿದ್ದಾನೆ. ಅಂಥವನ ಮುಖವನ್ನು ಇನ್ನು ನೋಡುವುದಿಲ್ಲವೆಂದು ನರಸಿಂಹರಾವ ಪ್ರಕಟಿಸಿದ್ದಾರೆ.

ವಾಮನರಾವ ಎರಡನೆಯ ಸಲ ನಿಧಾನವಾಗಿ ಓದಿದರು. ಸುಲಭಾ ಮುಟ್ಟಿದ್ದಾಳೆ, ಎಲ್ಲವನ್ನೂ ಹೇಳಿದ್ದಾಳೆ. ಗಂಡನ ಮೇಲೆ ಸಾಲಾರನಿಗೆ ಸಂಶಯ ಬಾರದಿರಲಿ ಎಂದು ಅಣ್ಣ ತಂಗಿ ಕೂಡಿ ಈ ಸುದ್ದಿ ಬರೆಯಿಸಿದ್ದಾರೆ. ಹತ್ತು ವರ್ಷದ ಹಗೆಯಲ್ಲಿ ಭಾವ ತಮಗಾಗಿ ಮಾಡಿದ ಮೊದಲ ಉಪಕಾರ ಇದು.

"ಭಾಳ ಬೈದಾರ," ಎಂದರು.

"ಹೌದ್ರಿ, ಭಾಳ ಬೈದಾರ." ಸಾಲಾರ ಪತ್ರಿಕೆಯನ್ನು ಮಡಿಸಿದ. "ನನಗೂ ಮೂವರು ತಂಗಿಯರದಾರ, ವಕೀಲ ಸಾಹೇಬ್ರ. ನನ್ನ ತಂಗೀನ ಯಾರರೆ ಹಿಂಗ ಅಟ್ಟಿದ್ರ ನಾ ಪೇಪರಿಗೆ ಹೋಗ್ತಿದ್ದಿಲ್ಲ, ಅಂವನ ಬಾಗಲಿಗೆ ಬರ್ತಿದ್ದೆ."

ವಾಮನರಾವ ಏನೋ ಹೇಳಲು ಹೋದರು. ಅವರ ಬಾಯಲ್ಲಿ ಬಂದದ್ದು ಪಕ್ಷದ ಹೆಸರು. ಅದನ್ನು ಪೂರ್ತಿ ಹೇಳಲಿಲ್ಲ.

ಒಳಗಿದ್ದ ನಾಲ್ವರೂ ಎದ್ದು ಬಂದರು. ಅವರಲ್ಲಿ ಒಬ್ಬ ಗೂಟದ ಮೇಲಿದ್ದ ಕರಿಯ ಕೋಟನ್ನು ತಂದು ಅವರ ಕೈಗೆ ಕೊಟ್ಟ. ವಾಮನರಾವ ತೊಟ್ಟುಕೊಂಡು, ಗುಂಡಿಗಳನ್ನು ಮೇಲಿನಿಂದ ಕೆಳಗೆ ಹಾಕಿಕೊಂಡರು.

"ಎಲ್ಲಿಗೆ?" ಎಂದು ಕೇಳಿದರು.

"ಹಳ್ಳದತನಕ," ಎಂದ ಸಾಲಾರ.