ಉಗುರುಬಣ್ಣದ ಗುರುತು

ಬಾಳೆಕಾಯಿಯ ಸಿಪ್ಪೆ ಅರ್ಧ ಎದ್ದಿತ್ತು. ಒಳಗೆ ಟಿ.ವಿ. ಮಾತಿನ ನಡುವೆಯೇ ಸತ್ತಿತು.

ಪರ್ಪೆತುವಾ ಚಾಕು ಹಿಡಿದೇ ಕಾದಳು. ಮತ್ತೆ ಬರಬಹುದು. ಬರಲಿಲ್ಲ. ಮನೆಯೊಳಗಿನ ಮೌನ ಹೊಸ್ತಿಲು ದಾಟಿ ಅಂಗಳಕ್ಕೆ ಬಂತು. ಅದರ ಹಿಂದೆಯೇ ಮಗಳು ಬಂದಳು.

"ಅಮ್ಮ, ಚಿತ್ರ ಹೋಯ್ತು."

"ಗಾಳಿ. ಬರುತ್ತೆ ಬಿಡು."

"ಬರಲ್ಲ. ಸಿಗ್ನಲ್ ಇಲ್ಲ ಅಂತ ತೋರಿಸ್ತಿದೆ."

ಕೊಬುಸಿಂಗೆಗೆ ಏಳು ವರ್ಷ. ಕಂಪಾಲಾ ಬಿಟ್ಟು ಈ ಊರಿಗೆ ಬಂದು ಹೊಸ ಶಾಲೆ ಸೇರಿದಾಗಿನಿಂದ ಅವಳ ಬಾಯಲ್ಲಿ ಏನೋ ಒಂದು ಮಾತು ಇದೆ, ಬಿಸಿ ಗೆಣಸಿನ ಹೋಳಿನ ಹಾಗೆ. ನುಂಗಲಾರಳು, ಉಗುಳಲಾರಳು. ಅದೇನೆಂದು ಪರ್ಪೆತುವಾಗೆ ಗೊತ್ತಿತ್ತು. ಟಿ.ವಿ. ಮಾತಾಡುತ್ತಿರುವಷ್ಟು ಹೊತ್ತು ಮಗು ಮಾತಾಡುವುದಿಲ್ಲ ಎಂಬುದೂ ಗೊತ್ತಿತ್ತು.

ಕೈಗಂಟಿದ ಸೊನೆಯನ್ನು ಹಳೆ ಬಟ್ಟೆಗೆ ಒರೆಸಿ, ಅವಳು ಸ್ಪ್ಯಾನರ್ ಹುಡುಕಲು ಎದ್ದಳು.

ಡಿಶ್ಶು ಗೋಡೆಯ ಪಕ್ಕ ಕಬ್ಬಿಣದ ಕಂಬದ ಮೇಲಿತ್ತು. ರಾತ್ರಿಯ ಮಳೆಗಾಳಿಗೆ ಅದರ ನಟ್ಟು ಸಡಿಲವಾಗಿ, ಬೆಳಗಿನ ಸಣ್ಣ ಗಾಳಿಗೇ ಕತ್ತು ವಾಲಿಸಿತ್ತು. ಅವಳು ಸ್ಟೂಲ್ ಹತ್ತಿದಳು. ಎಷ್ಟು ವಾಲಬೇಕೆಂದು ತೋರಿಸುವ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ. ಅವಳದೇ ಉಗುರುಬಣ್ಣ. ಕಂಪಾಲಾದ ಮನೆಯಲ್ಲಿ ಗಂಡ ಎಳೆದಿದ್ದು. "ಇನ್ನು ಕಣ್ಣು ಮುಚ್ಚಿ ಕೂರಿಸಬಹುದು," ಎಂದಿದ್ದ.

ಅವಳು ಕಣ್ಣು ತೆರೆದೇ ಕೂರಿಸಿದಳು, ಗೆರೆಗೆ ಸರಿಯಾಗಿ.

"ನೋಡು, ಟಿ.ವಿ.ಯಲ್ಲಿ ಎರಡು ಪಟ್ಟಿ ಕಾಣುತ್ತಲ್ಲ? ಎಷ್ಟೆಷ್ಟಿದೆ?"

"ಮೇಲಿನದು ತುಂಬಿದೆ," ಬಾಗಿಲಲ್ಲಿ ನಿಂತು ಮಗಳು ಕೂಗಿದಳು. "ಕೆಳಗಿನದು ಸೊನ್ನೆ."

ಮೇಲಿನದು ಸಿಗ್ನಲ್ಲಿನ ಶಕ್ತಿ, ಕೆಳಗಿನದು ಅದರ ಗುಣ. ತಂತಿ ಸರಿಯಿದ್ದರೆ ಸಾಕು, ಆಕಾಶದಲ್ಲಿ ಯಾರೂ ಸಿಗದಿದ್ದರೂ ಶಕ್ತಿ ತುಂಬಿಯೇ ಇರುತ್ತದೆ. ಪರ್ಪೆತುವಾಗೆ ನಗು ಬಂತು. ಅವಳು ಕಲಿಸುವ ಶಿಕ್ಷಕರ ಕಾಲೇಜಿನಲ್ಲಿ ಅವಳನ್ನೂ ಜನ ಹೀಗೇ ಅಳೆಯುತ್ತಿದ್ದರು: ಓದು ತುಂಬಿದೆ, ನಂಟು ಸೊನ್ನೆ.

"ಈಗ?"

"ಸೊನ್ನೆ."

"ಈಗ?"

"ಸೊನ್ನೇನೇ ಅಮ್ಮ."

ಬೇಲಿಯಾಚೆ ಕಪ್ಪು ಕೊಡೆಯೊಂದು ನಿಂತಿತು. ಪಕ್ಕದ ಬೀದಿಯ ಮುದುಕಿ, ಆಟ್ವೂಕಿ, ಇಗರ್ಜಿಗೆ ಹೊರಟಿದ್ದಳು. ಈ ಊರಿನವರ ಹಾಗೆ ಅವಳೂ ಪರ್ಪೆತುವಾಳನ್ನು ಎಂಪಾಕೊ, ಅಂದರೆ ಮುದ್ದುಹೆಸರು, ಹಿಡಿದೇ ಕರೆಯುತ್ತಿದ್ದಳು.

"ಏನೇ ಅಬ್ವೂಲಿ, ಭಾನುವಾರದ ಪೂಜೆ ಬಿಟ್ಟು ಸ್ಟೂಲ್ ಹತ್ತಿದ್ದೀಯ? ದೇವರನ್ನ ಅಲ್ಲಿಂದಲೇ ಹಿಡೀತೀಯೇನು?"

"ಸಿಕ್ಕಿದ್ರೆ ನಿಮಗೂ ಹೇಳ್ತೀನಿ, ಆಟ್ವೂಕಿ."

"ಹೇಳು ಹೇಳು. ನನ್ನ ಮಂಡಿನೋವಿನ ಸುದ್ದೀನೂ ಅವನ ಕಿವಿಗೆ ಹಾಕು." ಮುದುಕಿ ಬಾಗಿಲ ಕಡೆ ತಿರುಗಿದಳು. "ಚೆನ್ನಾಗಿ ನಿದ್ದೆ ಬಂತಾ ಪುಟ್ಟಿ? ನಿನ್ನ ಎಂಪಾಕೊ ಏನವ್ವ? ಅದಿಲ್ದೆ ಹೇಗೆ ಮಾತಾಡಿಸ್ಲಿ ನಿನ್ನ?"

ಮಗು ತಾಯಿಯ ಮುಖ ನೋಡಿತು.

"ಅವಳಿಗೆ ನಾಚಿಕೆ," ಎಂದಳು ಪರ್ಪೆತುವಾ.

"ಇದಕ್ಕೆಂಥ ನಾಚಿಕೆ! ನಮ್ಮನೆ ಹುಂಜಕ್ಕೂ ಒಂದು ಇಟ್ಟಿದೀನಿ. ಅರಾಲೀ ಅಂದ್ರೆ ಸಾಕು, ಪಕ್ಕದ ಮನೆ ಹೇಂಟೆ ಬಿಟ್ಟು ಓಡಿ ಬರ್ತಾನೆ."

ಸ್ಪ್ಯಾನರ್ ಕೈಯಿಂದ ಜಾರಿ ಹುಲ್ಲಿಗೆ ಬಿತ್ತು. ಅರಾಲಿ ಎಂಬುದು ಗಂಡನ ಎಂಪಾಕೊ. ಮುದುಕಿಗೆ ಅದು ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ಕೊಡೆ ತನ್ನಷ್ಟಕ್ಕೆ ಇಗರ್ಜಿಯ ದಾರಿ ಹಿಡಿಯಿತು.

ಇರುವುದು ಹನ್ನೆರಡೇ ಮುದ್ದುಹೆಸರು. ಮಗು ಹುಟ್ಟಿದ ವಾರದಲ್ಲಿ ಅಪ್ಪನ ಕಡೆಯವರು ಕೂತು, ಅದರ ಮುಖ ಯಾರ ಹಾಗಿದೆಯೆಂದು ನೋಡಿ, ಒಂದನ್ನು ಆರಿಸಿ, ರಾಗಿ ಮುದ್ದೆ ಉಂಡು ಎದ್ದರೆ ಮುಗಿಯಿತು. ಕಂಪಾಲಾದಲ್ಲಿ ಅವರಿಬ್ಬರೂ ಅದನ್ನು ನೆನೆದು ನಕ್ಕಿದ್ದರು. ಓದಿದವರು. "ಒಂದು ಹೆಸರು ಸಾಲದೇ?" ಎಂದವಳು ಅವಳೇ. ಆಮೇಲೆ ಅರಾಲಿ ಕೆಲಸಕ್ಕೆಂದು ಗಡಿಯಾಚೆಯ ಜೂಬಾಗೆ ಹೋದ, ಅಲ್ಲೇ ಬೇರೆ ಸಂಸಾರ ಹೂಡಿದ.

ಮಾವನ ಮನೆ ಇದೇ ಊರಿನಲ್ಲಿ, ಹೊಳೆಯ ಆಚೆ. ಹೋಗಿ ಒಂದು ಮಾತು ಕೇಳಿದರೆ ಆಗುತ್ತಿತ್ತು. ಕೇಳುವವಳು ಅವಳಲ್ಲ. ಇದನ್ನೆಲ್ಲ ನಂಬುವವಳೂ ಅಲ್ಲ. ನಂಬದವಳು ತಾನೇ ಒಂದನ್ನು ಇಟ್ಟುಬಿಡಬಹುದಿತ್ತಲ್ಲ? ಅಕೀಕಿ. ಅಡ್ಯೇರಿ. ಪಾತ್ರೆ ತೊಳೆಯುವಾಗ ಒಂದೊಂದನ್ನೂ ನಾಲಿಗೆಯ ಮೇಲೆ ಇಟ್ಟು ನೋಡಿದ್ದಳು. ಯಾವುದೂ ತುಟಿ ದಾಟಿರಲಿಲ್ಲ.

ಈ ಊರಿನಲ್ಲಿ ಮಕ್ಕಳನ್ನು ಬರೀ ಹೆಸರು ಹಿಡಿದು ಕರೆಯುವುದು ಬೈಯುವಾಗ ಮಾತ್ರ. ಕೊಬುಸಿಂಗೆ, ಊಟಕ್ಕೆ ಬಾ. ಕೊಬುಸಿಂಗೆ, ಚಳಿ ಇದೆ, ಹೊದ್ದುಕೋ. ಏಳು ವರ್ಷದಿಂದ ಅವಳು ಮಗಳನ್ನು ಬೈಯುತ್ತಲೇ ಇದ್ದಳು.

"ಅಮ್ಮ, ಇನ್ನೂ ಸೊನ್ನೆ."

ಅವಳು ಕೆಂಪು ಗೆರೆಯನ್ನು ನೋಡಿದಳು. ಅದು ಕಂಪಾಲಾದ ಗೆರೆ. ಇಲ್ಲಿ ಡಿಶ್ಶು ಕೂರಿಸಿದ ಹುಡುಗ ಅದನ್ನು ನೋಡಿರಲೇ ಇಲ್ಲ. ಇದು ಅಲ್ಲಿಂದ ಪಡುವಣಕ್ಕೆ ಅರ್ಧ ದಿನದ ದಾರಿ. ಉಪಗ್ರಹ ಇರುವುದು ಮೂಡಣದಲ್ಲಿ; ಇಲ್ಲಿ ಡಿಶ್ಶಿನ ಬಟ್ಟಲು ಆ ಕಡೆಗೆ ಇನ್ನಷ್ಟು ವಾಲಬೇಕು. ಭೂಗೋಳ ಕಲಿಸುವವಳಿಗೆ ಇದು ಹೊಳೆಯಬೇಕಿತ್ತು. ಇಷ್ಟು ಹೊತ್ತೂ ಅವಳು ಬಿಟ್ಟುಬಂದ ಮನೆಯ ಆಕಾಶವನ್ನು ಈ ಅಂಗಳದಲ್ಲಿ ಹುಡುಕುತ್ತಿದ್ದಳು.

ಗೆರೆ ಬಿಟ್ಟು ಕೂದಲೆಳೆಯಷ್ಟು ವಾಲಿಸಿದಳು. ಉಸಿರು ಹಿಡಿದು ಕಾದಳು. ಟಿ.ವಿ. ಪಕ್ಕದ ಪೆಟ್ಟಿಗೆಗೆ ಸಿಗ್ನಲ್ಲಿನ ಗುರುತು ಹತ್ತಲು ಹೊತ್ತು ಬೇಕು. ಇನ್ನೊಂದು ಎಳೆ. ಮತ್ತೆ ಕಾದಳು.

ಒಳಗೆ ಯಾರೋ ಹಾಡತೊಡಗಿದರು.

"ಬಂತಾ?"

ಬಟ್ಟಲಿನಿಂದ ಕಣ್ಣು ತೆಗೆಯದೆ ಅವಳು ಮತ್ತೆ ಕೂಗಿದಳು.

"ಬಂತೇನೇ? ಗುಣ ಎಷ್ಟಿದೆ ಹೇಳು!"

ನಟ್ಟು ಇನ್ನೂ ಸಡಿಲ. ಬೆರಳು ಅಲುಗಿದರೆ ಹಾಡು ಒಡೆಯುತ್ತಿತ್ತು, ಹಿಡಿತ ಬಿಗಿಯಾದರೆ ಕೂಡುತ್ತಿತ್ತು. ಎರಡೂ ಕೈಯಲ್ಲಿ ಬಟ್ಟಲನ್ನು ಹಿಡಿದು, ಏನೂ ಕಾಣದ ಆಕಾಶಕ್ಕೆ ಒಡ್ಡಿ, ಅವಳು ಸ್ಟೂಲ್ ಮೇಲೆ ನಿಂತಿದ್ದಳು.

ಮಗಳು ಟಿ.ವಿ. ಬಿಟ್ಟು ಅಂಗಳಕ್ಕೆ ಬಂದಿದ್ದಳು.

"ಆ ಸ್ಪ್ಯಾನರ್ ಕೊಡು, ಕೊಬುಸಿಂಗೆ. ಕೈ ಬಿಟ್ಟರೆ ಹೋಗುತ್ತೆ."

ಮಗು ಹುಲ್ಲಿನಿಂದ ಸ್ಪ್ಯಾನರ್ ಎತ್ತಿಕೊಂಡಿತು. ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಕತ್ತೆತ್ತಿ ಕೇಳಿತು.

"ಅಮ್ಮ, ಬೈಯದೇ ಇರುವಾಗ ನನ್ನನ್ನ ಏನಂತ ಕರೀಬೇಕು?"