ಬೆಳ್ಳಗಾದ ಸ್ಪಂಜು

ಒಂದೇ ತಿಂಗಳಲ್ಲಿ ನಾಲ್ಕು ಮೀನು ಸತ್ತವು. ಬೀದಿಯವರೆಲ್ಲ ಲಾಂಡ್ರಿಯಮ್ಮ ಎಂದು ಕರೆಯುವ ಆ ಮನೆಯ ಹಿರಿಯ ಸೊಸೆಗೆ ಅನುಮಾನ ಒಬ್ಬಳ ಮೇಲೆಯೇ. ಓರಗಿತ್ತಿ! "ಮುಂದಿನ ಕೋಣೇಲಿ ಈ ಗಾಜಿನ ತೊಟ್ಟಿ ಯಾಕೆ?" ಎಂದು ಮೊದಲ ದಿನವೇ ಮೂಗು ಮುರಿದವಳು ಅವಳಲ್ಲವೇ?

ಉಳಿದದ್ದು ಒಂದು ಕೆಂಪು ಮೀನು. ಸೊಂಟ ಮುರಿದು ಮಂಚ ಹಿಡಿದ ಮಾವ ಬೆಳಗ್ಗೆ ಎದ್ದರೆ ಮಾತಾಡುವುದು ಅದರ ಹತ್ತಿರವೇ. ಅದೂ ಹೋದರೆ ಮಾವ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಾರೆ ಎಂದು ಅವಳಿಗೆ ನಿಜಕ್ಕೂ ಭಯ.

ಆರೈಕೆಯಲ್ಲಿ ಅವಳು ಕಡಿಮೆ ಮಾಡಿದ್ದೇನಿಲ್ಲ. ಊರವರ ಬಟ್ಟೆಯ ಕಲೆ ತೆಗೆಯುವ ಕೈ ಅದು. ಹತ್ತು ದಿನಕ್ಕೊಮ್ಮೆ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ ನಲ್ಲಿ ನೀರು ತುಂಬುತ್ತಿದ್ದಳು. ಫಿಲ್ಟರಿನ ಸ್ಪಂಜನ್ನು ಬ್ಲೀಚಿಂಗ್ ನೀರಲ್ಲಿ ನೆನೆಸಿ, ಅಂಗಿಯ ಕಾಲರ್ ತಿಕ್ಕಿದಂತೆ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದಳು. ಇಷ್ಟಾದರೂ ಮೀನು ಸಾಯುತ್ತದೆಂದರೆ ಯಾರದೋ ಕೈವಾಡ ಇರಲೇಬೇಕು. ಮೀನಿನ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಓರಗಿತ್ತಿ ಆ ಕೋಣೆಗೆ ಕಾಲಿಟ್ಟರೆ ಸಾಕು, ಇವಳ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಲ್ಲುತ್ತಿತ್ತು. ಹಾಗೆ ಯಾರದೋ ದಿಂಬಿನ ಗವಸೊಂದು ಸುಟ್ಟೂ ಹೋಯಿತು.

ಭಾನುವಾರ ಮಧ್ಯಾಹ್ನ ಕಳ್ಳಿ ಸಿಕ್ಕೇಬಿಟ್ಟಳು. ತೊಟ್ಟಿಯ ಮುಂದೆ ಕೂತು ಪುಟ್ಟ ಸೀಸೆಯಿಂದ ಏನೋ ಹನಿ ಹಾಕುತ್ತಿದ್ದಳು.

"ಏನೇ ಅದು? ವಿಷಾನಾ?"

"ಅಯ್ಯೋ ಅಕ್ಕಾ! ತೊಟ್ಟಿಗಲ್ಲ, ಈ ಗಾಜಿನ ಕೊಳವೆಗೆ ಹಾಕ್ತಿದೀನಿ."

ಓರಗಿತ್ತಿಗೆ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ನೀರು ಪರೀಕ್ಷಿಸುವ ಕೆಲಸ. "ಇದರಲ್ಲಿರೋದು ತೊಟ್ಟಿ ನೀರು. ಹಳದಿಯಾಗಬೇಕಿತ್ತು, ಹಸಿರಾಯ್ತು. ಅಮೋನಿಯಾ ಇದೆ. ಮೀನಿನ ಹೊಲಸು, ಮಿಕ್ಕ ಆಹಾರ ಕೊಳೆತು ಆಗೋ ವಿಷ ಅದು."

"ನಿನ್ನ ಸೀಸೆ ಹೇಳಿದ್ದೆಲ್ಲ ನಂಬಬೇಕಾ? ತಡಿ." ಲಾಂಡ್ರಿಯಮ್ಮ ಒಳಗಿನಿಂದ ಕುಡಿಯುವ ನೀರು ತಂದಳು. "ಇದಕ್ಕೂ ಹಾಕು!"

ಹಾಕಿದಳು. ಹಳದಿಯಾಯಿತು.

"ಆದರೆ ತೊಟ್ಟಿ ನೀರು ಕನ್ನಡಿ ಹಾಗಿದೆಯಲ್ಲೇ..."

"ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕಾ. ಆ ವಿಷ ಕರಗಿಸೋ ಸೂಕ್ಷ್ಮಜೀವಿಗಳು ಸ್ಪಂಜಿನ ಕಂದು ಲೋಳೇಲೇ ಇರ್ತವೆ. ನೀವು ಅದನ್ನೇ ಕಲೆ ಅಂತ ತೊಳೀತಿದ್ರಿ. ಮೇಲಿಂದ ಆ ಜೀವಿಗಳನ್ನ ಕೊಲ್ಲೋ ನಲ್ಲಿ ನೀರಿನ ಕ್ಲೋರಿನ್ ಬೇರೆ."

ಲಾಂಡ್ರಿಯಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ನಾಚಿಕೆಯಿಂದ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಂಚದಿಂದ ಮಾವ ಕೇಳಿದರು: "ನನ್ನ ಕೆಂಪ ಉಳೀತಾನೇನಮ್ಮಾ?"

ಕ್ಲೋರಿನ್ ಹಾರಿಹೋಗಲೆಂದು ಓರಗಿತ್ತಿ ಹಿಂದಿನ ದಿನವೇ ಬಕೆಟಿನಲ್ಲಿ ನೀರು ಹಿಡಿದಿಟ್ಟಿದ್ದಳು. ಇಬ್ಬರೂ ಸೇರಿ ತಳದ ಕಸವನ್ನು ಪೈಪಿನಿಂದ ಎಳೆದು, ಕಾಲು ಭಾಗ ನೀರು ತೆಗೆದರು. ತೆಗೆದದ್ದು ಗಿಡದ ಕುಂಡಕ್ಕೆ, ಬಕೆಟಿನದು ತೊಟ್ಟಿಗೆ ಹೋಯಿತು. ಮರುದಿನವೂ ಹಾಗೆಯೇ ಮಾಡಿದರು. ವಾರ ಕಳೆಯುವಷ್ಟರಲ್ಲಿ ಕೆಂಪ ಗಾಜಿಗೆ ಮೂತಿ ಒತ್ತಿ ಮಾವನನ್ನು ಮಾತಾಡಿಸತೊಡಗಿದ. ಬೀರುವಿನ ಬೀಗದ ಕೈ ಓರಗಿತ್ತಿಯ ಕೈ ಸೇರಿತು.

ಮೀನು ಸಾಕುವವರೇ, ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಸೋಪು, ಬ್ಲೀಚಿಂಗ್ ಹತ್ತಿರವೂ ಬೇಡ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಆದರೂ ಮೀನು ಸತ್ತರೆ, ಮನೆಯವರನ್ನು ಅನುಮಾನಿಸುವ ಮೊದಲು ನೀರನ್ನು ಅನುಮಾನಿಸಿ.