ಮೇಲೆ ನೋಡುವ ಕೆಲಸ

ನಿಂಗರಾಜನ ತಲೆಬುರುಡೆಯಲ್ಲಿ, ಬಲಗಿವಿಯ ಹಿಂದೆ, ಎರಡು ಬೆರಳಗಲದಷ್ಟು ಮೂಳೆ ಇರಲಿಲ್ಲ.

ಎರಡು ವರ್ಷದ ಹಿಂದೆ ಕಿವಿಯ ನರದ ಮೇಲೆ ಬೆಳೆದಿದ್ದ ಗಡ್ಡೆಯನ್ನು ಬೆಂಗಳೂರಿನಲ್ಲಿ ತೆಗೆದಿದ್ದರು. ಕ್ಯಾನ್ಸರ್ ಗಡ್ಡೆಯಲ್ಲ, ನಿನ್ನ ಪುಣ್ಯ ಎಂದಿದ್ದರು. ಗಡ್ಡೆಯ ಜೊತೆ ಆ ಕಿವಿಯೂ ಹೋಯಿತು. ಮೂಳೆ ಕೊರೆದ ಜಾಗ ಮೊದಮೊದಲು ಊದಿಕೊಂಡಿತ್ತು. ಊತ ಇಳಿಯುತ್ತಾ ಬಂದಂತೆ ಚರ್ಮ ಒಳಕ್ಕೆ ಕುಸಿದು ಅಲ್ಲೊಂದು ಕುಳಿಯಾಯಿತು.

ಈ ಕುಳಿ ಇಟ್ಟುಕೊಂಡು ಹೇಗೆ ಬದುಕಬೇಕೆಂದು ಆಸ್ಪತ್ರೆಯ ಚೀಟಿಯಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. ಬಲಕ್ಕೆ ಮಲಗಿದರೆ ದಿಂಬು ಒತ್ತಿ ಹಲ್ಲಿನ ಬುಡದವರೆಗೆ ನೋವು ಇಳಿಯುತ್ತಿತ್ತು. ಎಡಕ್ಕೆ ಮಲಗಿದರೆ ಕೇಳಿಸುವ ಒಂದೇ ಕಿವಿ ದಿಂಬಿನಡಿ ಮುಚ್ಚಿಹೋಗಿ, ಮನೆ ಕುಸಿದು ಬಿದ್ದರೂ ಗೊತ್ತಾಗುವಂತಿರಲಿಲ್ಲ. ಕೆಮ್ಮಿದರೆ ಒಳಗಿನಿಂದ ಯಾರೋ ಗುದ್ದಿದಂತೆ. ಬೈಕಿನಲ್ಲಿ ಹೋದರೆ ಗಾಳಿ ನೇರ ಅಲ್ಲಿಗೇ ಹೊಡೆದು ಅರ್ಧ ದಿನ ತಲೆ ಸಿಡಿಯುತ್ತಿತ್ತು. ಹೆಲ್ಮೆಟ್ಟಿನ ಅಂಚೂ ಸರಿಯಾಗಿ ಅಲ್ಲೇ ಬಂದು ಕೂರುತ್ತಿತ್ತು. ಅವನೂರು ಉಬ್ರಾಣಿಯ ಕ್ಷೌರದಂಗಡಿಯವನು ಆ ಜಾಗಕ್ಕೆ ಮಿಷನ್ ತರಲು ಹೆದರಿ ಅಲ್ಲಿನ ಕೂದಲನ್ನು ಹಾಗೇ ಬಿಟ್ಟು ಕಳಿಸುತ್ತಿದ್ದ. ಕುಳಿ ಕಾಣದಿರಲೆಂದು ನಿಂಗರಾಜ ಬಿಸಿಲಿರಲಿ ಮಳೆಯಿರಲಿ ತಲೆಗೆ ಟವೆಲ್ ಸುತ್ತುತ್ತಿದ್ದ.

ತಪಾಸಣೆಗೆ ಹೋದಾಗ ಇದನ್ನು ಮುಚ್ಚಿಕೊಡಿ ಎಂದು ಕೇಳಿದ್ದ. ಮುಚ್ಚಬಹುದು, ಅದಕ್ಕೆ ಇನ್ನೊಂದು ಆಪರೇಷನ್ ಆಗಬೇಕು, ಜೀವಕ್ಕೇನೂ ತೊಂದರೆಯಿಲ್ಲವಲ್ಲ, ಯೋಚಿಸಿ ಎಂದು ಹೇಳಿ ಡಾಕ್ಟರು ಮುಂದಿನ ರೋಗಿಯನ್ನು ಕರೆದಿದ್ದರು. ಊರಿನವರದೂ ಅದೇ ಮಾತು. ಬದುಕಿದ್ದೀಯಲ್ಲ, ಅದೇ ದೊಡ್ಡದು. ಹೀಗೆ ಹೇಳಿದವರೆಲ್ಲ ಮರುಗಳಿಗೆಯಲ್ಲೇ ಟವೆಲ್ ಸರಿಸಲು ಕೈ ಚಾಚುತ್ತಿದ್ದರು.

ಆದರೆ ನಿಂಗರಾಜನನ್ನು ನಿಜವಾಗಿ ಕಂಗೆಡಿಸಿದ್ದು ಇದ್ಯಾವುದೂ ಅಲ್ಲ. ಅವನದು ಮೇಲೆ ನೋಡುವ ಕೆಲಸ.

ಚನ್ನಗಿರಿ ಸೀಮೆಯಲ್ಲಿ ಅಡಿಕೆಯನ್ನು ಮರದಲ್ಲಿರುವಾಗಲೇ ಕೊಳ್ಳುತ್ತಾರೆ. ಅದಕ್ಕೆ ಖೇಣಿ ಎನ್ನುತ್ತಾರೆ. ಕೊಯ್ಲಿಗೆ ಎರಡು ತಿಂಗಳ ಮುಂಚೆ ವ್ಯಾಪಾರಿಯ ಕಡೆಯವನೊಬ್ಬ ತೋಟಕ್ಕೆ ಬಂದು, ಸಾಲು ಸಾಲು ತಿರುಗಿ, ಮರದ ತಲೆಯಲ್ಲಿರುವ ಗೊನೆಗಳನ್ನು ನೋಡಿ, ಈ ತೋಟ ಇಷ್ಟು ಕ್ವಿಂಟಾಲ್ ಹಸಿ ಅಡಿಕೆ ಬಿಡುತ್ತದೆ ಎಂದು ಹೇಳಬೇಕು. ಆ ಲೆಕ್ಕಕ್ಕೇ ವ್ಯಾಪಾರಿ ದುಡ್ಡು ಕೊಡುತ್ತಾನೆ; ಅಡಿಕೆ ಕಡಿಮೆ ಬಂದರೆ ನಷ್ಟ ಅವನದು. ಚನ್ನಗಿರಿಯ ಖೇಣಿದಾರ ಸತೀಶ್ ಕುಮಾರನಿಗೆ ನಿಂಗರಾಜ ಹದಿನೆಂಟು ವರ್ಷ ತೋಟ ನೋಡಿದ್ದ. ಅವನು ನೂರು ಎಂದರೆ ತೊಂಬತ್ತೇಳಕ್ಕಿಂತ ಕಡಿಮೆ ಬಂದದ್ದಿಲ್ಲ. ದೊಡ್ಡ ತೋಟದಲ್ಲಿ ಐದಾರು ಕ್ವಿಂಟಾಲ್ ತಪ್ಪಿದ ವರ್ಷ ಸತೀಶ್ ಕುಮಾರ ಅವನ ಅಪ್ಪ, ಅಜ್ಜ, ಅವರ ಕಣ್ಣು ಎಲ್ಲವನ್ನೂ ಸೇರಿಸಿ ಬೈದು, ಸಂಜೆ ಚಹಾ ಕುಡಿಸಿ ಕಳಿಸುತ್ತಿದ್ದ.

ಈಗ ನಿಂಗರಾಜನಿಗೆ ಕತ್ತು ಹಿಂದಕ್ಕೆ ಬಾಗಿಸಲು ಆಗುತ್ತಿರಲಿಲ್ಲ. ಎತ್ತಿದರೆ ಕುಳಿಗೆ ಅಂಟಿಕೊಂಡಿದ್ದ ಕತ್ತಿನ ಮಾಂಸ ಸೆಳೆಯುತ್ತಿತ್ತು. ಅದನ್ನು ಹಲ್ಲು ಕಚ್ಚಿ ಸಹಿಸಿದರೆ ಆಕಾಶ ಬಲಕ್ಕೆ ಜಾರುತ್ತಿತ್ತು.

ಎರಡು ಹಂಗಾಮು ಮನೆಯಲ್ಲೇ ಕಳೆದವು. ಈ ವರ್ಷ ಮಳೆಗಾಲ ಶುರುವಾಗುತ್ತಿದ್ದಂತೆ ಅವನೇ ಚನ್ನಗಿರಿಗೆ ಹೋಗಿ ಸತೀಶ್ ಕುಮಾರನ ಮುಂದೆ ನಿಂತ.

"ಹೆಂಗಿದ್ದೀಯೋ ನಿಂಗ? ಬಾ, ಕೂತ್ಕ. ಬದುಕಿ ಬಂದ್ಯಲ್ಲ, ಅಷ್ಟೇ ಸಾಕು."

"ಬದುಕಿದ್ದು ಹಳೇ ಸುದ್ದಿ ಆತು ಬಿಡ್ರಿ ಅಣ್ಣ. ತೋಟ ಹೇಳ್ರಿ."

"ನೋಡಾಕೆ ಆಗ್ತೈತಾ?"

"ಆಗ್ದೆ ಏನು? ಹೋಗಿದ್ದು ಕಿವಿ. ಕಣ್ಣಲ್ಲ."

ಸತೀಶ್ ಕುಮಾರ ಅವನ ಟವೆಲನ್ನೊಮ್ಮೆ ನೋಡಿದ. ಆಮೇಲೆ ಹೇಳಿದ, "ಈ ಸಲ ಹದಿನಾಲ್ಕು ತೋಟ ಅದಾವೆ. ಹೊನ್ನಾಳಿ ಕಡೆ ಆರು, ನ್ಯಾಮತಿ ಕಡೆ ಮೂರು, ಉಳಿದಿದ್ದು ಇಲ್ಲೇ ಸುತ್ತಮುತ್ತ. ಮೊದ್ಲು ತ್ಯಾವಣಿಗೆ ಮರುಳಪ್ಪಂದು ನೋಡು. ಲೆಕ್ಕ ಸರಿ ಇದ್ರೆ ಎಲ್ಲಾನೂ ನಿಂದೇ. ಇಲ್ಲಾಂದ್ರೆ ಚಿಕ್ಕಹನುಮಂತಪ್ಪ ಇದ್ದೇ ಅದಾನೆ."

ಚಿಕ್ಕಹನುಮಂತಪ್ಪ ಅರವತ್ತು ದಾಟಿದ ಮುದುಕ. ನಿಂಗರಾಜನಿಗೆ ಈ ಕೆಲಸ ಕಲಿಸಿದವನು. ಅವನ ಕತ್ತು ಇನ್ನೂ ಸಲೀಸಾಗಿ ತಿರುಗುತ್ತಿತ್ತು.

ಕನ್ನಡಿಯ ಯೋಚನೆ ಬಂದದ್ದು ಆ ವಾರವೇ. ಗೋಡೆಯ ಕನ್ನಡಿಯನ್ನು ಬಿಚ್ಚಿ ಎದೆಯ ಮುಂದೆ ಅಂಗಾತ ಹಿಡಿದು ತಲೆ ತಗ್ಗಿಸಿದರೆ, ಹಿತ್ತಲಿನ ತೆಂಗಿನ ತಲೆ ಅದರೊಳಗೆ ಕಾಣಿಸಿತು. ಎಷ್ಟು ಕಾಯಿ ಎಂದು ಎಣಿಸಲೂ ಆಯಿತು. ನಾಲ್ಕು ದಿನ ಅದನ್ನೇ ಅಭ್ಯಾಸ ಮಾಡಿದ.

"ನಾನು ಬೊಟ್ಟು ಇಟ್ಕೊಳ್ಳಾಕೆ ನಿನ್ನ ಮುಖ ನೋಡ್ಲಾ?" ಎಂದು ಹೆಂಡತಿ ಅನ್ನಪೂರ್ಣ ಬಾಗಿಲಲ್ಲಿ ನಿಂತು ಕೇಳಿದಳು.

"ಸುಮ್ಕಿರೆ. ಕೆಲಸದ್ದು."

"ಸತೀಶಣ್ಣಂಗೆ ಹೇಳಿದ್ದೀಯಾ, ಕತ್ತು ಎತ್ತಾಕೆ ಬರಲ್ಲ ಅಂತ?"

"ಹೇಳಿದ್ರೆ ಕೆಲಸ ಕೊಡ್ತಾನಾ?"

"ಕೊಡಲ್ಲ."

"ಮತ್ತೆ?"

ಅವಳು ಒಳಗೆ ಹೋಗಿ ಸ್ಟೀಲ್ ತಟ್ಟೆಯ ಬೆನ್ನಿನಲ್ಲಿ ಮುಖ ನೋಡಿಕೊಂಡು ಬೊಟ್ಟು ಇಟ್ಟುಕೊಂಡಳು.

ಮರುಳಪ್ಪನ ತೋಟ ತ್ಯಾವಣಿಗೆಯ ಕಾಲುವೆ ಪಕ್ಕದಲ್ಲಿ ಎರಡೆಕರೆ. ಎಪ್ಪತ್ತರ ಆಸುಪಾಸಿನ ಮರುಳಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು ಬದುವಿನ ಮೇಲೆ ಕಾಯುತ್ತಿದ್ದ. ಜೊತೆಗೆ ಅವನ ಹೆಂಡತಿ ಸರ್ವಮಂಗಳಮ್ಮ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು.

"ನೀನೇ ಏನಪ್ಪ ತಲೆ ಆಪರೇಷನ್ ಆದವ್ನು? ಎಲ್ಲಿ, ತೋರ್ಸು," ಎಂದಳು ಸರ್ವಮಂಗಳಮ್ಮ.

"ಏನೂ ಇಲ್ಲ ಬಿಡ್ರಿ ಅಮ್ಮ."

"ಅಯ್ಯ, ನಾಚ್ಕೆ ಏನು? ನಿನ್ನ ತಾಯಿ ವಯಸ್ಸು ನಂದು." ಅಷ್ಟರಲ್ಲಿ ಟವೆಲ್ ಸರಿದಿತ್ತು. ಅವಳ ತಣ್ಣನೆಯ ಬೆರಳು ಕುಳಿಯೊಳಗಿತ್ತು. "ಶಿವನೇ! ಒಂದು ಗೋಟಡಿಕೆ ಇಡಬೌದಲ್ರೀ ಇಲ್ಲಿ!"

"ಇಡು, ಅದನ್ನೂ ಲೆಕ್ಕಕ್ಕೆ ಸೇರಿಸ್ಲಿ," ಎಂದು ಮರುಳಪ್ಪ ನಕ್ಕ.

ನಿಂಗರಾಜ ಟವೆಲನ್ನು ಬಿಗಿಯಾಗಿ ಸುತ್ತಿಕೊಂಡು, ಮಜ್ಜಿಗೆಯನ್ನೂ ಮುಟ್ಟದೆ ತೋಟದೊಳಗೆ ನಡೆದ. ತೆರೆದಿಟ್ಟ ಡಬ್ಬಿಯೇನು ತನ್ನ ತಲೆ, ಕಂಡಕಂಡವರೆಲ್ಲ ಕೈ ಹಾಕಲು?

ಗೊನೆ ನೋಡುವುದಕ್ಕೂ ಒಂದು ಕ್ರಮವಿದೆ. ಬುಡದಲ್ಲಿ ನಿಂತು ನೆತ್ತಿಯ ಮೇಲಿನ ಮರವನ್ನು ಯಾರೂ ನೋಡುವುದಿಲ್ಲ. ನಾಲ್ಕು ಸಾಲು ಆಚೆಯ ಮರವನ್ನು ಓರೆಯಾಗಿ ನೋಡಬೇಕು. ಆಗ ಗೊನೆಯ ಮೇಲಿಂದ ಕೆಳಗಿನವರೆಗೆ ಕಾಯಿ ಕಟ್ಟಿದೆಯೋ ಇಲ್ಲವೋ ಕಾಣುತ್ತದೆ. ಬುಡದಿಂದ ನೋಡಿದರೆ ತುದಿಯ ಕಾಯಿಗಳು ಮಾತ್ರ ಒತ್ತಾಗಿ ಕಾಣುತ್ತವೆ. ಮೇಲಿನ ಎಳೆಗಳಲ್ಲಿ ಕಾಯಿ ಉದುರಿಹೋಗಿದ್ದರೂ ಗೊತ್ತಾಗುವುದಿಲ್ಲ. ಇದು ನಿಂಗರಾಜನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕನ್ನಡಿಯಲ್ಲಿ ನೆತ್ತಿಯ ಮೇಲಿನ ಮರವಷ್ಟೇ ಕಾಣುತ್ತದೆ; ಅದರಲ್ಲಿ ಒಂದು ಸುತ್ತು ಗೊನೆ ಎಣಿಸಿ, ಸಾಲಿಗೆ ಎರಡು ಮರವನ್ನಾದರೂ ಕತ್ತು ಎತ್ತಿ ಓರೆಯಲ್ಲಿ ನೋಡುವುದು ಎಂದು ಅವನು ಲೆಕ್ಕ ಹಾಕಿಕೊಂಡು ಬಂದಿದ್ದ.

ಮೊದಲ ಮರಕ್ಕೆ ಕತ್ತು ಎತ್ತಿದ. ಸೆಳೆತ ಬಂತು, ತಡೆದುಕೊಂಡ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಮೂರನೆಯದಕ್ಕೆ ತೋಟವೆಲ್ಲ ಬಲಕ್ಕೆ ವಾಲಿತು. ಕಣ್ಣು ಬಿಟ್ಟಾಗ ಅವನು ಹಸಿ ಮಣ್ಣಿನಲ್ಲಿ ಕೂತಿದ್ದ. ಪಕ್ಕದ ಮರವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದ.

"ಲೇ, ಏನಾತೋ?" ಮರುಳಪ್ಪ ಓಡಿ ಬಂದ. "ಬ್ಯಾಡ ಬಿಡಪ್ಪ, ಮನೆಗೆ ಹೋಗು. ಇನ್ನೊಬ್ರು ಬಂದು ನೋಡ್ತಾರೆ. ಬದುಕಿದ್ದೀಯಲ್ಲ—"

"ಕಾಲು ಜಾರಿತು ಅಷ್ಟೇ. ನೀವು ಅತ್ಲಾಗಿರ್ರಿ."

ಅವನು ಎದ್ದು ಚೀಲದಿಂದ ಕನ್ನಡಿ ತೆಗೆದ.

"ಇದೇನೋ ಇದು? ತೋಟ ನೋಡಾಕೆ ಬಂದ್ಯೋ, ಮದುವೆ ಗಂಡು ಆಗಾಕೆ ಬಂದ್ಯೋ?"

ನಿಂಗರಾಜ ತಲೆ ತಗ್ಗಿಸಿ ಸಾಲು ಹಿಡಿದು ಹೊರಟ. ಮರಕ್ಕೆ ಮೂರು ಗೊನೆ, ನಾಲ್ಕು ಗೊನೆ, ಮತ್ತೆ ಮೂರು. ಕನ್ನಡಿಯೊಳಗೆ ಎಲ್ಲವೂ ದುಂಡಗೆ, ತುಂಬಿದಂತೆ ಕಂಡವು. ಓರೆಯಲ್ಲಿ ನೋಡುವ ಮಾತನ್ನು ಅವನು ಬಿಟ್ಟುಬಿಟ್ಟ. ಮರೆತನೆಂದಲ್ಲ. ಈ ಮುದುಕನ ಕಣ್ಣೆದುರು ಇನ್ನೊಮ್ಮೆ ಬೀಳುವುದು ಅವನಿಗೆ ಬೇಕಿರಲಿಲ್ಲ. ಹಿಂದೆ ಮರುಳಪ್ಪ, ಮರುಳಪ್ಪನ ಹಿಂದೆ ಸರ್ವಮಂಗಳಮ್ಮ, ಇಬ್ಬರೂ ನಗು ತಡೆಯುತ್ತಾ ನಡೆದು ಬರುತ್ತಿದ್ದರು. ನಗು ಕೇಳಿಸದಂತೆ ಅವನು ಕೆಟ್ಟ ಕಿವಿಯನ್ನು ಅವರ ಕಡೆ ಮಾಡಿಕೊಂಡ.

ಹನ್ನೆರಡರ ಹೊತ್ತಿಗೆ ಕೊನೆಯ ಸಾಲು ಮುಗಿಯಿತು.

"ನೂರಾ ನಲವತ್ತು," ಎಂದ.

"ಆತು," ಎಂದ ಮರುಳಪ್ಪ. "ಸಂಜೆ ಸತೀಶಂಗೆ ಬರಾಕೆ ಹೇಳು. ಎಲೆಅಡಿಕೆ ಕೊಟ್ಟು ಮಾತು ಮುಗಿಸಾಣ."

ತ್ಯಾವಣಿಗೆ ಬಸ್ ನಿಲ್ದಾಣದಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ನಿಂಗರಾಜ ಫೋನ್ ಮಾಡಿ ಲೆಕ್ಕ ಹೇಳಿದ. ಸತೀಶ್ ಕುಮಾರ ಖುಷಿಯಾದ. "ಭೇಷ್, ನಾನು ಐದಕ್ಕೆ ಬರ್ತೀನಿ" ಎಂದು ಫೋನ್ ಇಟ್ಟ. ನಿಂಗರಾಜನೂ ಖುಷಿಯಾಗಿದ್ದ. ಸೋಡಾ ಕುಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಕುಳಿಯ ನೆನಪಾಗಿರಲಿಲ್ಲ.

ಸೋಡಾ ಬಾಟಲಿ ವಾಪಸ್ ಕೊಡುವಾಗ ಅವನ ಕೈ ನಿಂತಿತು.

ಮರುಳಪ್ಪ ಚೌಕಾಸಿ ಮಾಡಲಿಲ್ಲ. ಹದಿನೆಂಟು ವರ್ಷದಲ್ಲಿ ಯಾವ ತೋಟದವನೂ ಮೊದಲ ಲೆಕ್ಕಕ್ಕೆ ಒಪ್ಪಿದ್ದಿಲ್ಲ. ನೂರು ಎಂದರೆ ಎದೆ ಬಡಿದುಕೊಂಡು ನೂರಾ ಇಪ್ಪತ್ತು ಎನ್ನುತ್ತಾರೆ. ಕಣ್ಣು ಕಾಣ್ಸಲ್ವೇನೋ ಎನ್ನುತ್ತಾರೆ. ಮತ್ತೆ ತೋಟದೊಳಗೆ ಎಳೆದುಕೊಂಡು ಹೋಗುತ್ತಾರೆ. ಮರುಳಪ್ಪ 'ಆತು' ಎಂದ. ಅಂದರೆ ಆ ಮರಗಳ ಮೇಲೆ ನೂರಾ ನಲವತ್ತು ಇಲ್ಲ. ಅದರ ಹತ್ತಿರಕ್ಕೂ ಇಲ್ಲ.

ಗಂಟೆ ಒಂದೂಕಾಲು. ಸತೀಶ್ ಕುಮಾರ ಬರುವುದು ಐದಕ್ಕೆ. ಎಲೆಅಡಿಕೆ ಕೈ ಬದಲಾಗುವವರೆಗೆ ಮಾತು ಮಾತಷ್ಟೇ, ಬದಲಾಯಿಸಬಹುದು. ಆಮೇಲೆ ಈ ಕಡೆಯಲ್ಲಿ ಯಾರೂ ಮಾತು ಮುರಿಯುವುದಿಲ್ಲ. ಅಣ್ಣ, ನಿಲ್ಲಿಸ್ರಿ, ನಾನು ಬುಡದಿಂದ ನೋಡೀನಿ, ಕನ್ನಡಿಯಲ್ಲಿ ನೋಡೀನಿ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಿದರೆ ಈ ಒಂದು ತೋಟ ಉಳಿಯುತ್ತಿತ್ತು, ಅವನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಹೇಳದಿದ್ದರೆ, ಲೆಕ್ಕ ಹೇಗೋ ಸರಿಬಂದರೂ ಬರಬಹುದು. ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಫೋನನ್ನು ಎರಡು ಸಲ ಕೈಗೆ ತೆಗೆದುಕೊಂಡ. ಎರಡೂ ಸಲ ಜೇಬಿಗೆ ಹಾಕಿದ. ಚನ್ನಗಿರಿ ಬಸ್ಸು ಬಂತು. ಹತ್ತಿದ. ಕಿಟಕಿಯ ಗಾಳಿ ಟವೆಲಿನೊಳಗೆ ನುಗ್ಗಿ ಕುಳಿಯನ್ನು ಹುಡುಕಿಕೊಂಡಿತು. ಚನ್ನಗಿರಿ ದಾಟಿ ಉಬ್ರಾಣಿ ಮುಟ್ಟುವವರೆಗೂ ತಲೆ ಸಿಡಿಯಿತು.

ಐದಕ್ಕೆ ತ್ಯಾವಣಿಗೆಯಲ್ಲಿ ಎಲೆಅಡಿಕೆ ಕೈ ಬದಲಾಯಿತು. ಆರಕ್ಕೆ ಮರುಳಪ್ಪ ಊರಿನ ಕಟ್ಟೆಯ ಮೇಲೆ ಕೂತು ಕನ್ನಡಿಯ ಕಥೆಯನ್ನು ಕೈಕಾಲು ಸೇರಿಸಿ ಹೇಳಿದ. ಮಾರನೆಯ ಬೆಳಿಗ್ಗೆ ಅದು ಚನ್ನಗಿರಿಯ ಚಹಾದಂಗಡಿ ಮುಟ್ಟಿತು. ಸತೀಶ್ ಕುಮಾರ ಅದೇ ದಿನ ಚಿಕ್ಕಹನುಮಂತಪ್ಪನನ್ನು ತೋಟಕ್ಕೆ ಕಳಿಸಿದ. ಮುದುಕ ನಾಲ್ಕು ಸಾಲು ತಿರುಗಿ, ಗೊನೆಗಳ ಮೇಲ್ಗಡೆ ಕಾಯಿ ಉದುರಿ ಬರೀ ಕಡ್ಡಿ ಉಳಿದಿದೆ ಎಂದ. ಪೂರ್ತಿ ತಿರುಗಿ ಬಂದು ಎಂಬತ್ತಾರು ಎಂದ.

ನಿಂಗರಾಜನಿಗೆ ಕರೆ ಬಂತು. ಅವನು ಸತೀಶ್ ಕುಮಾರನ ಮುಂದೆ ಹೋಗಿ ಬೈಸಿಕೊಳ್ಳಲು ಸಿದ್ಧನಾಗಿ ನಿಂತ. ಅಪ್ಪ, ಅಜ್ಜ, ಕಣ್ಣು, ಎಲ್ಲ ಬರಲಿ.

"ಕೂತ್ಕೊ ನಿಂಗ," ಎಂದ ಸತೀಶ್ ಕುಮಾರ. ದನಿ ಮೆತ್ತಗಿತ್ತು. "ಚಹಾ ಕುಡಿ."

"ಬೈಯ್ರಿ ಅಣ್ಣ."

"ಬೈದು ಏನ್ ಮಾಡ್ಲಿ? ನಿಂದೇನು ತಪ್ಪಿಲ್ಲ. ನಂದೇ ತಪ್ಪು, ಕಳಿಸಬಾರ್ದಿತ್ತು."

"ನಂದೇ ತಪ್ಪು ಕಣ್ರೀ. ಮರುಳಪ್ಪ ಚೌಕಾಸಿ ಮಾಡ್ದೆ ಹೂಂ ಅಂದಿದ್ದು ನೆನೆಸ್ಕಂಡಾಗ್ಲೇ ನಂಗೆ ಗೊತ್ತಾತು. ಫೋನ್ ಮಾಡಬೌದಿತ್ತು. ಮಾಡ್ಲಿಲ್ಲ. ಬೇಕಂತ್ಲೇ ಮಾಡ್ಲಿಲ್ಲ. ಬೈಯ್ರಿ."

ಸತೀಶ್ ಕುಮಾರ ಅವನ ಮುಖ ನೋಡಲಿಲ್ಲ. "ತಲೆಗೆ ಪೆಟ್ಟಾದೋರಿಗೆ ಹಂಗೆಲ್ಲ ಆಗ್ತೈತಂತೆ ಬಿಡು. ತೂಕದ ಹತ್ರ ಒಬ್ರು ಬೇಕು. ಕೂತ್ಕಂಡೇ ಮಾಡೋ ಕೆಲಸ. ನೀನು ಬದುಕಿರೋದೇ—"

"ಆ ಮಾತು ಆಡಬ್ಯಾಡ್ರಿ."

"ಯಾಕೋ?"

"ಹಿಂದೆ ಐದು ಕ್ವಿಂಟಾಲ್ ತಪ್ಪಿದ್ರೆ ಮೂರು ತಲೆಮಾರು ಬೈತಿದ್ರಿ. ಈಗ ಇಷ್ಟು ತಪ್ಪೈತೆ, ಚಹಾ ಕುಡಿ ಅಂತೀರಿ. ನಾನೇನು ಸತ್ತೋದ್ನಾ?"

ಸತೀಶ್ ಕುಮಾರ ಚಹಾ ಲೋಟವನ್ನು ಮುಂದಕ್ಕೆ ತಳ್ಳಿದ. ನಿಂಗರಾಜ ಅದನ್ನು ಮುಟ್ಟಲಿಲ್ಲ. ಹೊರಗೆ ಚಿಕ್ಕಹನುಮಂತಪ್ಪ ಹೊನ್ನಾಳಿಗೆ ಹೋಗುವ ಜೀಪನ್ನು ಆಗಲೇ ಹತ್ತಿ ಕೂತಿದ್ದ.

ತ್ಯಾವಣಿಗೆಯಲ್ಲಿ ಸತೀಶ್ ಕುಮಾರನಿಗೆ ಹೋದದ್ದು ಐವತ್ತನಾಲ್ಕು ಕ್ವಿಂಟಾಲ್. ನಿಂಗರಾಜನಿಗೆ ಹೊನ್ನಾಳಿ ಕಡೆ ಆರು, ನ್ಯಾಮತಿ ಕಡೆ ಮೂರು, ಚನ್ನಗಿರಿ ಸುತ್ತ ನಾಲ್ಕು, ಒಟ್ಟು ಹದಿಮೂರು ತೋಟ ಹೋದವು.